ಅವನ ಸಿನಿಮಾಗೆ ಎತ್ತದ ಕೈ

ಸಿನಿಮಾ ಮುಗಿದು ದೀಪ ಹತ್ತಿದಾಗ ಅವಳ ಕಣ್ಣ ತುಂಬ ನೀರಿತ್ತು. ಆಕಳಿಕೆಯ ನೀರು.

ಗ್ರಂಥಾಲಯದ ಮಹಡಿ ಮೇಲಿನ ಆ ಹಾಲ್‌ನಲ್ಲಿ ಫಿಲ್ಮ್ ಕ್ಲಬ್‌ನವರು ಭಾನುವಾರಗಳಲ್ಲಿ ಸಿನಿಮಾ ತೋರಿಸುತ್ತಿದ್ದರು. ಆವತ್ತಿನದು ಯಾರೂ ಕೇಳಿರದ, ಯಾವುದೋ ವಿದೇಶಿ ಭಾಷೆಯ ಒಂದು ಹಳೇ ಸೈನ್ಸ್ ಫಿಕ್ಷನ್. ಎಲ್ಲೋ ದೂರದ ಒಂದು ಚಂದ್ರನ ಮೇಲೆ ಒಬ್ಬ ಮುದುಕಿ, ಅವಳ ಮುಂದೊಂದು ರೇಡಿಯೋ, ಸುತ್ತ ಬರೀ ಕತ್ತಲೆ. ಮುದುಕಿ ರೇಡಿಯೋ ಒರೆಸುವುದನ್ನು ಅವಳು ನೋಡಿದಳು. ಮತ್ತೆ ಒರೆಸಿದ್ದನ್ನೂ ನೋಡಿದಳು. ಮತ್ತೊಂದು ಸಲ ಬಟ್ಟೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವಳಿಗೆ ಗಾಢ ನಿದ್ದೆ.

ಬಾಗಿಲ ಹತ್ತಿರ ಎತ್ತರದ ಗಂಡಸೊಬ್ಬ ಅವಳತ್ತ ಕರ್ಚೀಫು ಚಾಚಿದ.

"ತಗೊಳ್ಳಿ, ಒಗೆದಿದ್ದೇ. ಆ ಕೊನೇ ಸೀನು ನಂಗೂ ತಡ್ಕೊಳ್ಳೋಕಾಗಲ್ಲ."

ಇಲ್ಲ ರೀ, ನಿದ್ದೆ ಬಂದಿತ್ತು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ಕಣ್ಣು ನಿಜಕ್ಕೂ ಕೆಂಪಗಿತ್ತು. ರೆಪ್ಪೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಥ ಕಣ್ಣುಗಳ ಮುಂದೆ ನಿಂತು ನಿದ್ದೆಯ ಮಾತಾಡಲು ಅವಳಿಗೆ ಬಾಯಿ ಬರಲಿಲ್ಲ.

"ಹೂಂ," ಅಂದಳು. ಕರ್ಚೀಫು ತೆಗೆದುಕೊಂಡು ಕಣ್ಣೊರೆಸಿಕೊಂಡಳು ಕೂಡ.

ಅವನು ದನದ ಡಾಕ್ಟರು. ಕ್ಲಬ್ಬಿನವರೆಲ್ಲ ಅವನನ್ನು 'ಡಾಕ್ಟ್ರು' ಎಂದೇ ಕರೆಯುತ್ತಿದ್ದರು. ಅವಳು ಕಿವಿಯ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವಳು. ಕಿವಿ ಮಂದವಾದವರನ್ನು ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಎಷ್ಟು ಸಣ್ಣ ಸದ್ದು ಕೇಳುತ್ತದೆಂದು ಪರೀಕ್ಷಿಸಿ, ಅವರಿಗೆ ಹೊಂದುವ ಕಿವಿಯ ಮಷಿನ್ ಕೂರಿಸಿಕೊಡುವುದು ಅವಳ ಕೆಲಸ.

ಆ 'ಹೂಂ' ಆದಮೇಲೆ ಪ್ರತಿ ಸಿನಿಮಾದ ನಂತರ ಇಬ್ಬರೂ ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿಯತೊಡಗಿದರು. ಅವನು ಮಾತಾಡುವಾಗ ಕೈಗಳೂ ಮಾತಾಡುತ್ತಿದ್ದವು. ಲೋಟ ಎಲ್ಲಿ ಉರುಳೀತೋ ಎಂದು ಅವಳು ಮೆಲ್ಲಗೆ ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಅವನು ಅದನ್ನು ಗಮನಿಸಿ ನಕ್ಕು, ಮತ್ತೆ ತನ್ನ ಕಡೆ ಎಳೆದುಕೊಳ್ಳುತ್ತಿದ್ದ.

"ಆ ಮುದುಕಿ ಕೊನೆಗೆ ಕಿಟಕಿ ಕಡೆ ತಿರುಗ್ತಾಳಲ್ಲ, ಆಗ ನಿಮಗೇನನ್ನಿಸ್ತು?" ಎಂದು ಒಮ್ಮೆ ಕೇಳಿದ.

ಅವಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿಹಿಡಿದು ಕೂತಳು, ಅದು ಕರಗಿ ಬೀಳುವ ತನಕ. "ಪರದೆ ಕೆಳಗೆ ಬರೋ ಇಂಗ್ಲಿಷ್ ಸಾಲು ಓದೋದ್ರಲ್ಲೇ ಆಗೋಗುತ್ತೆ ಡಾಕ್ಟ್ರೇ. ಮುಖ ಸರಿಯಾಗಿ ನೋಡೋಕಾಗಲ್ಲ."

"ಅದೂ ನಿಜ," ಎಂದು ಅವನು ಗಂಭೀರವಾಗಿ ತಲೆಯಾಡಿಸಿದ. ಮುಂದಿನ ವಾರ ನಿಜ ಹೇಳಿಬಿಡುತ್ತೇನೆ ಅಂದುಕೊಂಡಳು. ಮುಂದಿನ ವಾರ ಅವನು ಹೊಸ ಶರ್ಟು ಹಾಕಿಕೊಂಡು ಬಂದಿದ್ದ. ಹೇಳಲಿಲ್ಲ.

ಅಷ್ಟರಲ್ಲಿ ಕ್ಲಬ್ಬಿಗೆ ಸೈನ್ಸ್ ಫಿಕ್ಷನ್ ಮ್ಯಾರಥಾನಿನ ಹುಮ್ಮಸ್ಸು ಬಂತು. ಒಂದು ಭಾನುವಾರ, ಮಧ್ಯಾಹ್ನದಿಂದ ಸಂಜೆ ತನಕ, ಒಂದರ ಹಿಂದೊಂದು. ಬೇರೆ ಸಿನಿಮಾಗಳೆಲ್ಲ ತೀರ್ಮಾನವಾದವು. ಕೊನೆಯದಕ್ಕೆ ಜಗಳ ಹತ್ತಿತು. ಅರ್ಧ ಜನ ರೋಬೋಟ್ ಸಿನಿಮಾ ಬೇಕೆಂದರು. ದೈತ್ಯ ರೋಬೋಟ್ ಒಂದು ಮುರಿದ ಸೇತುವೆಯನ್ನು ಹೆಗಲ ಮೇಲೆ ಹೊತ್ತು ನಿಲ್ಲುವ, ಮಕ್ಕಳಿಗೆಲ್ಲ ಡೈಲಾಗ್ ಬಾಯಿಪಾಠವಾಗಿರುವ ಸಿನಿಮಾ ಅದು. ಉಳಿದರ್ಧ ಜನ ಮುದುಕಿ ಸಿನಿಮಾ ಅಂದರು. ಅವರ ಮುಂದಾಳು ಡಾಕ್ಟ್ರು.

"ರೋಬೋಟ್ ಟೀವಿಲೂ ಬರುತ್ತೆ, ಮೊಬೈಲಲ್ಲೂ ಬರುತ್ತೆ," ಎಂದು ಸಭೆಯಲ್ಲಿ ಅವನು ವಾದಿಸಿದ. "ಇದನ್ನ ನಾವು ತೋರಿಸದೇ ಇದ್ರೆ ಯಾರು ತೋರಿಸ್ತಾರೆ?"

"ತೋರಿಸಿದ್ರೆ ಯಾರು ನೋಡ್ತಾರೆ ಡಾಕ್ಟ್ರೇ?" ಕ್ಲಬ್ಬಿನ ಅಧ್ಯಕ್ಷರಾದ ಮೇಷ್ಟ್ರು ಕೇಳಿದರು. ಭೂಗೋಳ ಪಾಠ ಹೇಳಿ ನಿವೃತ್ತರಾದವರು. "ಖಾಲಿ ಕುರ್ಚಿಗಳನ್ನ ನೋಡಿ ನೋಡಿ ಗ್ರಂಥಾಲಯದೋರು ಹಾಲ್ ವಾಪಸ್ ಕೇಳ್ತಿದ್ದಾರೆ."

ಆಗಲೇ ಅವನ ಫೋನ್ ಹೊಡೆದುಕೊಂಡಿತು. ಎಲ್ಲೋ ಒಂದು ಹಸುವಿಗೆ ಕರು ಅಡ್ಡ ಬಂದಿತ್ತು. ಅವನು ಧಡಕ್ಕನೆ ಎದ್ದು, ಅವಳ ಕುರ್ಚಿಯ ಪಕ್ಕ ಬಾಗಿದ. ಡೆಟಾಲ್ ವಾಸನೆ ಬಂತು.

"ನನ್ನ ವೋಟೂ ನೀವೇ ಹಾಕ್ಬಿಡಿ. ನೀವು ಮಾತಾಡಿದ್ರೆ ಕೇಳ್ತಾರೆ. ನೋಡಿ ಅತ್ತೋರು ನೀವು."

ಅವನು ಹೋದಮೇಲೆ ಮೇಷ್ಟ್ರು ಅವಳ ಕಡೆ ತಿರುಗಿದರು. "ಹೇಳಮ್ಮ, ಆ ಕೊನೇ ಸೀನಲ್ಲಿ ಅಂಥಾದ್ದೇನಿದೆ?"

ಎದ್ದು ನಿಂತಳು. "ಅದು... ಹೇಳೋದಲ್ಲ ಸರ್. ನೋಡ್ಬೇಕು."

ಎಲ್ಲರೂ ನಕ್ಕರು. ಕೈ ಎತ್ತಿಸಿದರು. ಎರಡೂ ಕಡೆ ಸಮವಾಯಿತು. ಕೈ ಎತ್ತದೆ ಉಳಿದವಳು ಅವಳೊಬ್ಬಳೇ.

ಮುದುಕಿ ಸಿನಿಮಾ ಹಾಕಿದರೆ ಅವನು ಪಕ್ಕದಲ್ಲೇ ಕೂರುತ್ತಾನೆ, ಕೊನೇ ಸೀನಿನಲ್ಲಿ ಪರದೆ ಬಿಟ್ಟು ತನ್ನ ಮುಖ ನೋಡುತ್ತಾನೆ, ಒಣಗಿದ ಕಣ್ಣು ಕಂಡೇ ಕಾಣುತ್ತದೆ. ಆ ಭಯವೇ ಅವಳ ಕೈಯನ್ನು ಮೇಲೆತ್ತಿತು, ರೋಬೋಟ್ ಪರವಾಗಿ.

"ಡಾಕ್ಟ್ರ ವೋಟು?"

"ಅವರು... ಹೆಚ್ಚು ಜನ ಹೇಳಿದ ಹಾಗೆ ಆಗ್ಲಿ ಅಂದ್ರು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಸಂಜೆ ಅವನೇ ಫೋನ್ ಮಾಡಿದ. ಕರು ಬದುಕಿತ್ತು. ದಣಿದಿದ್ದರೂ ದನಿಯಲ್ಲಿ ನಗು ಇತ್ತು. "ಏನಾಯ್ತು ನಮ್ಮಜ್ಜಿ ಕಥೆ?"

"ಎಷ್ಟು ಹೇಳಿದ್ರೂ ಒಪ್ಪಲಿಲ್ಲ ಡಾಕ್ಟ್ರೇ."

ಅವನೇ ಸಮಾಧಾನ ಹೇಳಿದ. "ಪಾಪ, ನೀವೊಬ್ಬರೇ ಒದ್ದಾಡಿದ್ರಿ. ಬೇಜಾರ್ ಮಾಡ್ಕೋಬೇಡಿ ರೀ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಕ್ಲಿನಿಕ್ಕಿಗೇ ಬಂದ. ಕಾಯುವವರ ಬೆಂಚಿನಲ್ಲಿ ಹಿರಿಯರ ನಡುವೆ ಮಂಡಿ ಮಡಚಿ ಕೂತಿದ್ದವನು ಅವಳು ಹೊರಬಂದೊಡನೆ ಎದ್ದು ಒಂದು ಪೆನ್‌ಡ್ರೈವ್ ಕೊಟ್ಟ.

"ಮುದುಕಿ ಸಿನಿಮಾ. ಇಂಗ್ಲಿಷ್ ಓದೋದ್ರಲ್ಲಿ ಮುಖ ತಪ್ಪಿಹೋಗುತ್ತೆ ಅಂದಿದ್ರಲ್ಲ, ಅದಕ್ಕೆ ಕನ್ನಡ ಸಾಲು ನಾನೇ ಹಾಕಿದೀನಿ."

"ಪೂರ್ತಿ ಸಿನಿಮಾಗಾ?"

"ಪೂರ್ತಿ. ಮ್ಯಾರಥಾನ್ ದಿನ ನಿಮಗೆ ತೋರಿಸಿ ಬೆರಗಾಗಿಸೋಣ ಅಂತಿದ್ದೆ. ಹೋಗ್ಲಿ, ಮನೇಲಾದ್ರೂ ನೋಡಿ." ಕಿವಿ ಕೆಂಪಗಾಗಿ, ಬಾಗಿಲಿಗೆ ಭುಜ ತಾಗಿಸಿಕೊಂಡು ಹೊರಟುಹೋದ.

ಅವಳು ಇದ್ದದ್ದು ಅಕ್ಕನ ಮನೆಯಲ್ಲೇ. ರಜೆಯ ಮಧ್ಯಾಹ್ನ ಅಕ್ಕ ಬಟಾಣಿ ಸುಲಿಯುತ್ತಾ ಕೂತಿದ್ದಾಗ ಟೀವಿಗೆ ಪೆನ್‌ಡ್ರೈವ್ ಚುಚ್ಚಿದಳು.

"ಈ ಅಜ್ಜಿ ಇನ್ನೂ ಒರೆಸ್ತಾನೇ ಇದಾಳಲ್ಲೇ," ಎಂದು ಅಕ್ಕ ಗೊಣಗಿದಳು.

ಸಿನಿಮಾ ಈಗಲೂ ನಿಧಾನವೇ. ಆದರೆ ಈ ಸಲ ಅವಳು ನಿದ್ದೆ ಮಾಡಲಿಲ್ಲ. ಯಾರಿಂದಲೋ ಯಾರಿಗೋ ಹೋಗುವ ಸಂದೇಶಗಳೆಲ್ಲ ಆ ಮುದುಕಿಯ ರೇಡಿಯೋ ಹಾದು ಹೋಗುತ್ತವೆ. ಗಂಡನಿಗೆ ಹೆಂಡತಿಯದು, ಮಗಳಿಗೆ ತಾಯಿಯದು. ಇವಳಿಗೆ ಮಾತ್ರ ಯಾವುದೂ ಇಲ್ಲ. ಕೊನೆಯಲ್ಲಿ, ಮಷಿನ್ ಆರಿಸಿ ಮಲಗಬೇಕು ಅನ್ನುವಾಗ, ಒಂದು ದನಿ ಅವಳನ್ನೇ ಕೇಳಿಕೊಂಡು ಬರುತ್ತದೆ. ಕೆಳಗೆ ಹಳೇ ಇಂಗ್ಲಿಷ್ ಸಾಲಿತ್ತು, 'ನನ್ನ ದನಿ ತಲುಪುತ್ತಿದೆಯೇ' ಎನ್ನುವ ಅರ್ಥದ್ದು. ಅದರ ಮೇಲೆ ಡಾಕ್ಟ್ರು ಬರೆದಿದ್ದ:

'ಊಟ ಆಯ್ತಾ?'

ಮುದುಕಿ ಕಿಟಕಿ ಕಡೆ ತಿರುಗಿದಳು. ಅಕ್ಕನ ಕೈ ಬಟಾಣಿಯ ಬುಟ್ಟಿಯಲ್ಲೇ ನಿಂತಿತು.

"ಯಾರೇ ಇದನ್ನ ಬರೆದೋರು?"

"ಡಾಕ್ಟ್ರು."

"ಯಾರಿಗೋಸ್ಕರ?"

ಆಗ ಅವಳು ಅತ್ತಳು. ಮುದುಕಿಗಾಗಿ ಅಲ್ಲ. ಎಲ್ಲವನ್ನೂ ಹೇಳಿದಳು. ಅಕ್ಕ ಪೂರ್ತಿ ಕೇಳಿ, ಸಿಪ್ಪೆಗಳನ್ನು ಕೂಡಿಸಿ, "ನಿನ್ನಂಥ ದಡ್ಡೀನ ನಾನೆಲ್ಲೂ ನೋಡಿಲ್ಲ. ಎದ್ದು ಹೋಗಿ ಹೇಳು," ಅಂದಳು.

"ಹೇಳಿದ್ರೆ ಅವರು ನನ್ನ ಮುಖ ನೋಡಲ್ಲ ಅಕ್ಕ."

"ನೋಡದೇ ಇದ್ರೆ ಬೇಡ. ನಿಂಗೆ ಅನ್ನವಾದ್ರೂ ಸರಿಯಾಗಿ ಇಳಿಯುತ್ತೆ."

ಪಶು ಆಸ್ಪತ್ರೆಯಲ್ಲಿ ಅವನು ಒಂದು ಕಂದು ನಾಯಿಯ ಕಾಲಿಗೆ ಪಟ್ಟಿ ಸುತ್ತುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು. "ಸರಿಯಾದ ಹೊತ್ತಿಗೆ ಬಂದ್ರಿ. ತಲೆ ಹಿಡ್ಕೊಳ್ಳಿ ಸ್ವಲ್ಪ, ಕಚ್ಚಲ್ಲ."

ನಾಯಿಯ ಬೆಚ್ಚಗಿನ ತಲೆ ಹಿಡಿದುಕೊಂಡೇ ಹೇಳಿದಳು. ನಿಂತರೆ ಮತ್ತೆ ಬಾಯಿ ಬರುವುದಿಲ್ಲವೆಂದು ಉಸಿರು ಬಿಡದೆ ಹೇಳಿದಳು. ರೋಬೋಟ್‌ಗೆ ಎತ್ತಿದ ಕೈ, ತಾನು ನುಂಗಿದ ಅವನ ವೋಟು, ಫೋನಿನಲ್ಲಿ ಹೇಳಿದ ಸುಳ್ಳು.

ಅವನ ಬೆರಳುಗಳು ಪಟ್ಟಿಯ ಮೇಲೆ ನಿಂತವು. "ವೋಟು ಹೋಗ್ಲಿ. ನಿಮಗೆ ಇಷ್ಟವಾದ ಸಿನಿಮಾನೇ ಅಲ್ವಾ ಅದು? ಅತ್ತಿದ್ರಿ."

"ಆಕಳಿಸಿದ್ದೆ. ನಿದ್ದೆ ಮಾಡ್ಬಿಟ್ಟಿದ್ದೆ ಡಾಕ್ಟ್ರೇ. ನಿಜ ಹೇಳಿದ್ರೆ ನೀವು ಮತ್ತೆ ಮಾತಾಡಿಸಲ್ವೇನೋ ಅನ್ನಿಸ್ತು. ನಿಮ್ಮ ಜೊತೆ ಚಹಾ ಕುಡಿಯೋ ಆಸೆಗೆ..."

ಅವನು ಪಟ್ಟಿಯ ತುದಿ ಕತ್ತರಿಸಿ, ನಿಧಾನವಾಗಿ ಗಂಟು ಹಾಕಿದ. ಮುಖ ಎತ್ತಲಿಲ್ಲ.

"ಇಷ್ಟು ತಿಂಗಳು ನಾನು ಮಾತಾಡಿದ್ದು ಯಾರ ಜೊತೆ ಹಾಗಾದ್ರೆ?"

ನಾಯಿ ಅವಳ ಅಂಗೈ ನೆಕ್ಕಿತು.

"ಹೊರಗೆ ಇನ್ನೂ ಪ್ರಾಣಿಗಳು ಕಾಯ್ತಿವೆ," ಎಂದ. "ಹೋಗಿ ಬನ್ನಿ."

ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋದಳು. ಅವರಿಗೂ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು, ತರಗತಿಯಲ್ಲಿ ನೋಡುವ ಹಾಗೆ ನೋಡಿದರು. "ಪೋಸ್ಟರ್ ಎಲ್ಲಾ ಕಡೆ ಅಂಟಿಸಿ ಆಗಿದೆಯಲ್ಲಮ್ಮ. ಮಕ್ಕಳೆಲ್ಲ ರೋಬೋಟ್‌ಗೆ ಕಾಯ್ತಿದ್ದಾರೆ. ಈಗ ತೆಗೆಯೋಕಾಗುತ್ತಾ?"

"ತೆಗೀಬೇಡಿ ಸರ್. ಬೆಳಿಗ್ಗೆ, ಎಲ್ಲಕ್ಕಿಂತ ಮೊದಲು ಇದೊಂದನ್ನ ಸೇರಿಸಿ."

"ಭಾನುವಾರ ಬೆಳಿಗ್ಗೆ ಎದ್ದು ಯಾರು ಬರ್ತಾರೆ ಮುದುಕಿ ನೋಡೋಕೆ?"

"ಜನಾನ ನಾನು ಕರೆತರ್ತೀನಿ."

ಹೇಳಿದ್ದೇನೋ ಹೇಳಿದಳು. ಯಾರನ್ನು ಎಂಬುದು ಹೊಳೆದದ್ದು ಮರುದಿನ, ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರನ್ನು ನೋಡಿದಾಗ. ಮಷಿನ್ ಹಾಕಿದರೂ ಸಿನಿಮಾದ ಮಾತು ಕಲಸಿಹೋಗುತ್ತದೆಂದು ಥಿಯೇಟರಿಗೆ ಹೋಗುವುದನ್ನೇ ಬಿಟ್ಟವರು ಅವರೆಲ್ಲ. "ಪರದೆ ಮೇಲೆ ಕನ್ನಡದಲ್ಲೇ ಬರೆದಿರುತ್ತೆ ಅಜ್ಜಿ, ಕೇಳಿಸದಿದ್ರೂ ನಡೆಯುತ್ತೆ," ಎಂದು ಒಬ್ಬೊಬ್ಬರ ಕಿವಿಯ ಬಳಿಯೂ ಕೂಗಿ ಹೇಳಿದಳು.

ಡಾಕ್ಟ್ರಿಗೆ ಫೋನ್ ಮಾಡಲು ಅವಳಿಗೆ ಮುಖವಿರಲಿಲ್ಲ. ಮೇಷ್ಟ್ರೇ ಮಾಡಿ ಅನುಮತಿ ಕೇಳಿದರು. ಹಾಕಿಕೊಳ್ಳಿ ಅಂದನಂತೆ. ಬರುತ್ತೇನೆ ಎನ್ನಲಿಲ್ಲವಂತೆ.

ಆ ಭಾನುವಾರ ಹಿರಿಯರು ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಕೋಲು, ಶಾಲು, ಮೊಮ್ಮಕ್ಕಳು. ಹಾಲ್ ತುಂಬದಿದ್ದರೂ ಖಾಲಿ ಕಾಣಲಿಲ್ಲ. ಸಿನಿಮಾ ಶುರುವಾದಮೇಲೆ ಇಡೀ ಹಾಲ್‌ಗೆ ಕೇಳುವಂತೆ ಪಿಸುಗುಟ್ಟಿದರು.

"ಪಾಪ, ಇವಳಿಗೆ ಯಾರೂ ಇಲ್ವೇನೋ!"

"ಇದಾರೆ ಕಣ್ರೀ, ಫೋನ್ ಮಾಡಲ್ಲ ಅಷ್ಟೇ."

ಅವಳು ಹಿಂದಿನ ಗೋಡೆಗೊರಗಿ ನಿಂತಿದ್ದಳು. ಬಾಗಿಲು ಕಿರ್ ಎಂದಿತು. ಡೆಟಾಲ್ ವಾಸನೆ. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಪರದೆಯ ಮೇಲೆ ಸಾಲು ಮೂಡಿತು. 'ಊಟ ಆಯ್ತಾ?'

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಪರದೆಗೇ ಉತ್ತರ ಕೊಟ್ಟರು, ಗಟ್ಟಿಯಾಗಿ, ಮನೆಯವರಿಗೆ ಹೇಳುವಂತೆ: "ಇಲ್ಲ ಕಣಪ್ಪ, ಇನ್ನೂ ಇಲ್ಲ."

ಯಾರೂ ನಗಲಿಲ್ಲ. ಪಕ್ಕದಲ್ಲಿ ಡಾಕ್ಟ್ರು ಮೂಗೆಳೆದುಕೊಂಡ ಸದ್ದು ಕೇಳಿಸಿತು.

ಹಿರಿಯರೆಲ್ಲ ಇಳಿದುಹೋದಮೇಲೆ ಇಬ್ಬರೂ ಕುರ್ಚಿಗಳನ್ನು ಸಾಲಾಗಿ ಇಟ್ಟರು.

"ನಂಗಿನ್ನೂ ಕೋಪ ಇದೆ," ಕೊನೆಗೆ ಅವನೆಂದ.

"ಇರ್ಲಿ. ಇರಬೇಕಾದ್ದೇ."

"ಒಂದು ಕೇಳ್ತೀನಿ, ನಿಜ ಹೇಳಿ. ಅಷ್ಟೊಂದು ಸಿನಿಮಾ ನೋಡಿದ್ರಲ್ಲ ನನ್ನ ಜೊತೆ, ಒಂದಾದ್ರೂ ಇಷ್ಟವಾಯ್ತಾ?"

ಅವಳು ಯೋಚಿಸಿದಳು. ಈ ಸಲ ಅವನನ್ನು ಮೆಚ್ಚಿಸಲು ಅಲ್ಲ. "ಎರಡೋ ಮೂರೋ. ಆಮೇಲೆ ಕೆಳಗೆ ಕೂತು ನೀವು ಹೇಳ್ತಿದ್ದದ್ದು ಎಲ್ಲಾ ಇಷ್ಟವಾಯ್ತು. ನೀವು ಇಷ್ಟವಾದ್ರಿ. ಅದೊಂದರಲ್ಲಿ ಸುಳ್ಳಿಲ್ಲ."

ಅವನು ಕೈಲಿದ್ದ ಕುರ್ಚಿ ಕೆಳಗಿಟ್ಟ. ಅವಳ ಮುಖವನ್ನು ಹೊಸದಾಗಿ ಪರಿಚಯವಾದವರ ಮುಖದ ಹಾಗೆ, ಹಣೆಯಿಂದ ಗಲ್ಲದವರೆಗೆ ನೋಡಿದ. ಅವಳಿಗೆ ತಲೆ ತಗ್ಗಿಸಬೇಕೆನ್ನಿಸಿತು. ತಗ್ಗಿಸಲಿಲ್ಲ.

"ಆ ರೋಬೋಟ್ ಸಿನಿಮಾ ನಾನು ನೋಡೇ ಇಲ್ಲ," ಎಂದ ಮೆಲ್ಲಗೆ. "ಸುಮ್ನೆ ಬೈತಿದ್ದೆ. ಹೇಗಿದೆ?"

"ಬೊಂಬಾಟಾಗಿದೆ. ಸೇತುವೆ ಎತ್ತೋವಾಗ ನಾನು ಶಿಳ್ಳೆ ಹಾಕ್ತೀನಿ."

"ನೀವು? ಶಿಳ್ಳೆ?"

"ಎರಡು ಬೆರಳಿಟ್ಟು."

ತುಟಿಯಂಚಿನಲ್ಲಿ ನಗು ಬಂದೇಬಿಟ್ಟಿತು ಅವನಿಗೆ. ಅದನ್ನು ಅಡಗಿಸಲು ನೋಡಿ ಸೋತ.

ಸಂಜೆ ಕೊನೆಯ ಆಟಕ್ಕೆ ಹಾಲ್ ಕಿಕ್ಕಿರಿದಿತ್ತು. ಮಕ್ಕಳು ನೆಲದ ಮೇಲೂ ಕೂತಿದ್ದರು. ಅವಳು ಬಾಗಿಲ ಬಳಿ ಜಾಗ ಹುಡುಕುತ್ತಾ ನಿಂತಳು. ನಡುವಿನ ಸಾಲಿನಲ್ಲಿದ್ದ ಡಾಕ್ಟ್ರು ತಿರುಗಿ ನೋಡಿದ. ಪಕ್ಕದ ಕುರ್ಚಿಯ ಮೇಲೆ ಅವನ ಔಷಧಿಯ ಬ್ಯಾಗಿತ್ತು. ಅವನು ಅದನ್ನು ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡ.

ಅವಳು ಮಕ್ಕಳ ತಲೆಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಕೂತಳು.

ದೀಪ ಆರಿತು. ಕತ್ತಲಲ್ಲಿ ಅವನು ಅವಳ ಕಡೆ ಬಾಗಿ, ಮೊದಲ ಸಲ ಬಹುವಚನ ಬಿಟ್ಟು ಹೇಳಿದ:

"ನಿದ್ದೆ ಬಂದ್ರೆ ನಿದ್ದೆ ಬಂತು ಅಂತ ಹೇಳು. ನಂಗಷ್ಟೇ ಸಾಕು."