ಹೆಸರು ಬರೆಯದ ಚೀಟಿ

ಇಲ್ಲಿರುವ ಒಂದೊಂದು ಮಾತೂ ಖರೆ, ಆಣೆ ಮಾಡಿ ಹೇಳಿದ್ದು. ನಂಬಿಕೆ ಬರದಿದ್ದರೆ ತಾರ್ನಾಕದ ಆ ಸಣ್ಣ ಕನ್ನಡ ಕ್ರೈಸ್ತ ಸಭೆಗೆ ಹೋಗಿ ಯಾರನ್ನಾದರೂ ಕೇಳಿ. ಗುಟ್ಟು ಇಟ್ಟುಕೊಳ್ಳುವ ಅಭ್ಯಾಸ ಅಲ್ಲಿ ಯಾರಿಗೂ ಇಲ್ಲ.

"ಮಾತಾಡ್ರಿ ಸಿಸ್ಟರ್. ನಾ ಕೇಳ್ತೀನಿ."

ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎರಡು ಪ್ಲಾಸ್ಟಿಕ್ ಕುರ್ಚಿ. ಎದುರಿಗೆ ವಿಶ್ವಜಿತ್, ಲಿಫ್ಟ್ ರಿಪೇರಿಯವನು. ಅಬಿಡ್ಸಿನ ಪುಸ್ತಕದಂಗಡಿಯಲ್ಲಿ ದಿನಕ್ಕೆ ನೂರು ಗಿರಾಕಿಗಳ ಜೊತೆ ವಾದ ಮಾಡುವ ಕೋಕಿಲಾಗೆ ಅವನ ಕಣ್ಣು ನೋಡಿ ಬಾಯಿ ಒಣಗಿತು.

ಅದು ಆರೈಕೆ ತರಬೇತಿ. ಸಭೆಯವರ ದುಃಖವನ್ನೆಲ್ಲ ಪಾಸ್ಟರ್ ಒಬ್ಬರೇ ಕೇಳಲಾಗದು. ಅದಕ್ಕೆ ಸಾಮಾನ್ಯ ಜನರೇ ಕಲಿತು, ನೊಂದ ಒಬ್ಬರ ಜೊತೆ ಒಬ್ಬರು ಕೂತು ಕೇಳಬೇಕು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಗುರುಶಾಂತ ಪಾಸ್ಟರ್ ಕಲಿಸುತ್ತಿದ್ದರು. ಬುದ್ಧಿ ಹೇಳಬಾರದು. ಗಡಿಯಾರ ನೋಡಬಾರದು. ಕೇಳಿದ್ದು ಹೊರಗೆ ಹೋಗಬಾರದು. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಎಂಬ ನಿಯಮವೂ ಇತ್ತು. ಐವರು ಹೆಂಗಸರು, ಐವರು ಗಂಡಸರು ಬಂದಿದ್ದರಿಂದ ಕೊನೆಗೆ ಉಳಿದವರು ಇವರಿಬ್ಬರು.

"ಅಭ್ಯಾಸಕ್ಕ ಒಂದು ಕಷ್ಟ ಕಟ್ಟಿ ಹೇಳ್ರಿ" ಎಂದಿದ್ದರು ಪಾಸ್ಟರ್. ಒಬ್ಬಾಕೆ, ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಅತ್ತೆಯನ್ನು ಕತೆಯಲ್ಲಿ ಸಾಯಿಸಿ ಮನಸಾರೆ ಅತ್ತಳು.

ಕೋಕಿಲಾಗೆ ಕಟ್ಟಲು ಬರಲಿಲ್ಲ. ಎರಡು ಭಾನುವಾರ ಏನೇನೋ ತೊದಲಿದಳು. ಮೂರನೆಯ ಭಾನುವಾರ ನಿಜವೇ ಬಂದುಬಿಟ್ಟಿತು.

"ನಮ್ಮಪ್ಪ ಹದಿನಾಲ್ಕು ವರ್ಷದ ಹಿಂದ ನಮ್ಮನ್ನ ಬಿಟ್ಟು ಹ್ವಾದ್ರಿ. ಈಗ ಜಹೀರಾಬಾದ್‌ನ್ಯಾಗ ಲಕ್ವಾ ಹೊಡದು ಮಲಗ್ಯಾನ, ಹತ್ರ ಯಾರೂ ಇಲ್ಲ. ಪ್ರತಿ ತಿಂಗಳ ಎರಡನೇ ಶನಿವಾರ ಅಂಗಡ್ಯಾಗ ಸ್ಟಾಕ್ ಎಣಿಸೋದೈತಿ ಅಂತ ಅವ್ವಗ ಸುಳ್ಳು ಹೇಳಿ, ಹೋಗಿ ಉಣಿಸಿ ಬರ್ತೀನಿ. ಅವ್ವಗ ಗೊತ್ತಾದ್ರ..."

ಅವನು ಬುದ್ಧಿ ಹೇಳಲಿಲ್ಲ. ಗಡಿಯಾರ ನೋಡಲಿಲ್ಲ. "ಭಾಳ ಭಾರ ಹೊತ್ತೀರಿ" ಎಂದನಷ್ಟೇ.

ಅಷ್ಟಕ್ಕೇ ಕೋಕಿಲಾ ಕರಗಿ ಹೋದಳು. ಆ ವಾರ ಭಾನುವಾರ ಬರಲು ಎಂಟು ದಿನದ ಮೇಲೆ ಹಿಡಿಯಿತು.

ಆ ಭಾನುವಾರ ಆರಾಧನೆಯಲ್ಲಿ ಪಾಸ್ಟರ್, ಬಾಗಿಲ ಬಳಿಯ ಪೆಟ್ಟಿಗೆಯಿಂದ ಪ್ರಾರ್ಥನೆಯ ಚೀಟಿಗಳನ್ನು ತೆಗೆದು ಓದಿದರು. ಅವರ ಧ್ವನಿ ಮೈಕಿಲ್ಲದೆಯೇ ಮೆಟ್ರೋ ಸ್ಟೇಷನ್ ಮುಟ್ಟುತ್ತದೆ. ಅಂದು ಮೈಕೂ ಇತ್ತು.

"ನಮ್ಮ ಸಭೆಯ ಒಬ್ಬ ಸೋದರಿ, ಎರಡನೇ ಶನಿವಾರ ಅಂಗಡಿಯಲ್ಲಿ ಸ್ಟಾಕ್ ಎಣಿಕೆ ಎಂದು ಹೇಳಿ, ಹಾಸಿಗೆ ಹಿಡಿದ ತಂದೆಯನ್ನು ನೋಡಲು ಜಹೀರಾಬಾದಿಗೆ ಹೋಗುತ್ತಾಳೆ. ತಾಯಿಗೆ ತಿಳಿಯದು. ಆಕೆಯ ಮನಸ್ಸಿಗೆ ಸಮಾಧಾನ ಸಿಗಲಿ."

"ಆಮೆನ್!"

ಎಲ್ಲರಿಗಿಂತ ಜೋರಾಗಿ ಅಂದವಳು ಮೊದಲ ಬೆಂಚಿನ ಉಮಾಬಾಯಿ, ಕೋಕಿಲಾಳ ತಾಯಿ. ಛಾವಣಿಯ ಪಾರಿವಾಳಗಳು ಹಾರಿಹೋದವು, ಮೂರು ವಾರ ತಿರುಗಿ ಬರಲಿಲ್ಲ. ಆಮೇಲೆ ಉಮಾಬಾಯಿ ನಿಧಾನವಾಗಿ ಹಿಂದೆ ತಿರುಗಿ ಮಗಳನ್ನು ನೋಡಿದಳು. ಇಡೀ ಸಭೆ ತಿರುಗಿ ನೋಡಿತು.

ಕೋಕಿಲಾಗೆ ಕಂಡಿದ್ದು ಒಂದೇ ಮುಖ. ವಿಶ್ವಜಿತ್ ತಲೆ ತಗ್ಗಿಸಿದ್ದ.

ಗೇಟಿನ ಹೊರಗೆ ಅವನನ್ನು ಹಿಡಿದಳು. "ಆ ಚೀಟಿ ನೀವ ಬರದ್ರಿ?"

"ಹೌದ್ರಿ. ಹೆಸರು ಬರಿಲಿಲ್ರಿ..."

"ಶನಿವಾರ ಬರದ್ರಿ. ಸ್ಟಾಕ್ ಬರದ್ರಿ. ಜಹೀರಾಬಾದ್ ಬರದ್ರಿ. ಹೆಸರೊಂದು ಉಳಿಸಿದ್ರಿ. ಭಾಳ ಉಪಕಾರ ಆತು."

"ನಿಮ್ಮ ಮಾತು ಕೇಳಿ ನಿದ್ದಿ ಬರ್ಲಿಲ್ರಿ. ಎಲ್ಲಾರೂ ಸೇರಿ ಪ್ರಾರ್ಥನಾ ಮಾಡಿದ್ರ ಹಗುರಾಗ್ತೈತಿ ಅಂತ..."

"ಯಾರಿಗೆ ಹಗುರು? ನಿಮಗ."

ಅಷ್ಟಂದು ಅವಳು ಮನೆ ಕಡೆ ನಡೆದಳು.

ದಾರಿಯುದ್ದಕ್ಕೂ ಅವಳ ಎದೆ ಉರಿಯಿತು. ಅಪ್ಪ ಬಿಟ್ಟು ಹೋದಾಗ ಅವಳಿಗೆ ಹದಿನಾಲ್ಕು ವರ್ಷ, ಬಾಗಿಲು ತೆರೆದವಳು ಅವಳಲ್ಲ, ಅವನೇ ತೆರೆದುಕೊಂಡು ಹೋದ. ಈ ಸಲ ಬಾಗಿಲು ತೆರೆದವಳು ತಾನೇ... ಅದೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವನಿಗೆ. ದೇವರ ಹೆಸರಿನಲ್ಲಿ ಮೋಸ ಮಾಡಿದವನನ್ನು ಬೈಯಲೂ ಬರುವುದಿಲ್ಲವಲ್ಲ!

ಮನೆಯಲ್ಲಿ ಉಮಾಬಾಯಿ ಊಟ ಬಡಿಸಿ, ಮಗಳು ಅನ್ನ ಕಲಸುವುದನ್ನು ನೋಡಿ ಒಂದೇ ಮಾತು ಕೇಳಿದಳು.

"ಅವನಿಗೂ ಹಿಂಗ ಮೆತ್ತಗ ಕಲಸಿ ಉಣಿಸ್ತಿ ಏನು?"

ಆಮೇಲೆ ಮೂರು ವಾರ ಮಾತೇ ಇಲ್ಲ. ಕೋಕಿಲಾ ತರಬೇತಿ ಬಿಟ್ಟಳು.

ಎರಡನೇ ಶನಿವಾರ ಬೆಳಿಗ್ಗೆ ವಿಶ್ವಜಿತ್ ಬಾಗಿಲಿಗೆ ಬಂದು ನಿಂತ. "ಅವ್ವಾರಿಗೆ ತಪ್ಪಾತು ಅನ್ನಾಕ ಬಂದೀನ್ರಿ."

ಕೋಕಿಲಾ ಬಾಗಿಲು ಹಾಕುವಷ್ಟರಲ್ಲಿ ಒಳಗಿನಿಂದ ದನಿ ಬಂತು. "ಒಳಗ ಬಾ ತಮ್ಮಾ. ಕೋಕಿಲಾ, ನೀ ಹೊರಗ ಹೋಗು."

ಎರಡು ತಾಸು ಕೋಕಿಲಾ ಮೆಟ್ಟಿಲ ಮೇಲೆ ಕೂತಳು. ಮೊದಲು ಅವ್ವನ ಬೈಗುಳ ಕೇಳಿತು. ಆಮೇಲೆ ಮಾತೇನೆಂದು ತಿಳಿಯದಷ್ಟು ಸಣ್ಣ ದನಿ. ಆಮೇಲೆ ಅಳು. ಹದಿನಾಲ್ಕು ವರ್ಷದಲ್ಲಿ ಅವ್ವ ಅತ್ತಿದ್ದನ್ನು ಅವಳು ಕೇಳಿರಲಿಲ್ಲ. ಅವನ ದನಿ ಒಮ್ಮೆಯೂ ಬರಲಿಲ್ಲ.

ಬಾಗಿಲು ತೆರೆಯಿತು. ಕಣ್ಣು ಊದಿಸಿಕೊಂಡ ಉಮಾಬಾಯಿ ಕೈಯಲ್ಲಿ ಸ್ಟೀಲಿನ ಡಬ್ಬಿ.

"ಬ್ಯಾಳಿ ಮೆತ್ತಗ ಕುದಿಸೀನಿ. ಖಾರ ಹಾಕಿಲ್ಲ. ಹೋಗು, ಬಸ್ ತಪ್ಪತೈತಿ."

ಕೋಕಿಲಾ ಮೆಟ್ಟಿಲಿಳಿದು ನಡೆದಳು. ಬಸ್ ಸ್ಟ್ಯಾಂಡಿನವರೆಗೂ ವಿಶ್ವಜಿತ್ ಡಬ್ಬಿ ಹಿಡಿದು ಹಿಂದೆ ಬಂದ. ಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು.

"ಅವ್ವ ಏನಂದ್ಳು?"

"ಹೇಳಂಗಿಲ್ರಿ."

"ನಾ ಆಕಿ ಮಗಳು."

"ಗೊತ್ತೈತ್ರಿ."

"ಒಂದ ಮಾತು. ಅಪ್ಪನ್ನ ಕ್ಷಮಿಸ್ಯಾಳೇನು?"

ಅವನು ಡಬ್ಬಿಯ ಮುಚ್ಚಳ ಒತ್ತಿ ಭದ್ರ ಮಾಡಿದ. "ಅವರನ್ನ ಕೇಳ್ರಿ."

"ನನ್ನದು ಊರಿಗೆಲ್ಲ ಸಾರಿದ್ರಿ. ನಮ್ಮವ್ವನದು ನನಗೂ ಹೇಳಂಗಿಲ್ಲ?"

"ನಿಮ್ಮದು ಸಾರಿದ ಮ್ಯಾಲೇ ಬುದ್ಧಿ ಬಂತ್ರಿ. ನಿಮ್ಮ ಮಾತು ನನಗ ಹೊರಾಕ ಆಗ್ಲಿಲ್ಲ, ಅದಕ್ಕ ಇಳಿಸಿಬಿಟ್ಟೆ. ಪ್ರಾರ್ಥನಾ ಅಂತ ಹೆಸರಿಟ್ಟೆ. ಮೋಸ ಅದು."

ಮೂರು ವಾರ ಅವಳು ಕಾದಿದ್ದು ಆ ಒಂದು ಪದಕ್ಕೆ. ಕೇಳಿದ ಮೇಲೆ ಕಣ್ಣೀರು ನಿಲ್ಲಲಿಲ್ಲ. ಅವನು ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿ ಕೂತಿದ್ದ.

ಅವಳು ಕಣ್ಣೊರೆಸಿಕೊಂಡ ಮೇಲೆ ಅವನು ಅವಳ ಕಡೆ ತಿರುಗಿದ.

"ಕೋಕಿಲಾ... ಇದು ತರಬೇತಿ ಮಾತಲ್ರಿ. ಸಿಟ್ಟಾಗಬ್ಯಾಡ್ರಿ. ಅಂದ್ರ, ಆಗ್ರಿ, ಅದು ನಿಮ್ಮ ಹಕ್ಕು. ನನಗ ಯೋಗ್ಯತಾ ಇಲ್ಲ, ಗೊತ್ತೈತಿ. ಆದರೂ ನಾ ನಿಮ್ಮನ್ನ..."

ಕೋಕಿಲಾ ಅರ್ಧ ಮಾತಿಗೇ ಎದ್ದು ನಡೆದುಬಿಟ್ಟಳು. ಬಂದು ನಿಂತಿದ್ದ ಜಹೀರಾಬಾದ್ ಬಸ್ ಹತ್ತಿದಳು. ಅವನು ಡಬ್ಬಿ ಹಿಡಿದು ಬಾಯಿ ತೆರೆದೇ ನಿಂತ.

ಕಿಟಕಿಯಲ್ಲಿ ಅವಳ ಮುಖ ಕಂಡಿತು. ಪಕ್ಕದ ಸೀಟಿನ ಮೇಲೆ ತನ್ನ ಕರ್ಚೀಫು ಹಾಸಿದ್ದಳು.

"ಹತ್ರಿ" ಎಂದಳು. "ಉಳಿದದ್ದು ಇಲ್ಲಿ ಹೇಳ್ರಿ. ನನಗೊಬ್ಬಾಕಿಗೆ."