ದೀಪ ಹಿಡಿದ ಜಿಂಕೆ

ಬಹಳ ಬಹಳ ಹಿಂದೆ ಚಿತ್ತಾರಪುರವೆಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ತುಂಬ ಹಿರಿಯರ ಕಾಲದ ಚಿತ್ರಗಳು. ಕೈ ಮೇಲೆ ಕೈಯಿಟ್ಟು ಮುಗುಳ್ನಗುವ ಹೆಂಗಸು, ತಾವರೆ ಹಿಡಿದು ತಲೆ ಬಾಗಿಸಿದ ಅರಸ, ದೀಪಕ್ಕೆ ಅಂಗೈ ಮರೆ ಮಾಡಿ ನಿಂತ ಹುಡುಗಿ.

ಒಂದು ದಿನ ಮಾರಂಕನೆಂಬ ಚಿತ್ರಗಾರ ಹೊಸ ಚಿತ್ರವೊಂದನ್ನು ಆಸ್ಥಾನಕ್ಕೆ ತಂದ. ಅವೇ ಭಂಗಿಗಳು, ಆದರೆ ಮನುಷ್ಯರ ಬದಲು ಪ್ರಾಣಿಗಳು! ನರಿ ಮುಗುಳ್ನಗುತ್ತಿತ್ತು, ಕರಡಿ ತಾವರೆ ಹಿಡಿದಿತ್ತು, ಜಿಂಕೆ ದೀಪ ಹಿಡಿದಿತ್ತು. ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಆಸ್ಥಾನವೆಲ್ಲ ನಕ್ಕಿತು.

ರಾಜಕುಮಾರಿ ಸಿರಿಯಾಳೆ ಮಾತ್ರ ನಗಲಿಲ್ಲ. ಬೇಟೆಗೆ ಹೋದ ತಮ್ಮ ಜಯಂತಕ ಇನ್ನೂ ಮರಳಿರಲಿಲ್ಲ. ನಗುವುದಾದರೂ ಹೇಗೆ? ಹತ್ತಿರ ಹೋಗಿ ದಿಟ್ಟಿಸಿದಳು. ಪ್ರಾಣಿಗಳ ಹಿಂದೆ ಬಿದ್ದಿದ್ದ ನೆರಳುಗಳು ಮನುಷ್ಯರವು.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವಳು ಕೇಳಿದಳು, "ಇವನ್ನು ಎಲ್ಲಿ ನೋಡಿ ಬರೆದೆ?"

"ಎಲ್ಲ ಕಲ್ಪನೆ, ತಾಯಿ."

"ಕಲ್ಪನೆಗೆ ಕಣ್ಣೀರು ಬರುತ್ತದೆಯೇ?"

ನರಿಯ ಕಣ್ಣಲ್ಲಿ ಹನಿಯಿತ್ತು. ಕರಡಿಯ ಕಣ್ಣಲ್ಲೂ ಇತ್ತು, ಜಿಂಕೆಯ ಕಣ್ಣಲ್ಲೂ ಇತ್ತು.

ಮಾರಂಕನ ವಿನಯ ಕಳಚಿಬಿತ್ತು. "ನಿನ್ನ ತಮ್ಮ ಇದರೊಳಗಿದ್ದಾನೆ. ಅವನ ಕೈ ಹಿಡಿದೆಳೆದರೆ ಅವನು ಹೊರಗೆ. ಬೇರೆಯವರ ಕೈ ಹಿಡಿದರೆ ನೀನು ಒಳಗೆ!"

ಅವಳು ನರಿಯ ಮುಂದೆ ನಿಂತಳು. "ಅಕ್ಕಾ, ನನ್ನ ಚಿನ್ನದಂಥ ಅಕ್ಕಾ, ನಾನೇ. ಕೈ ಕೊಡು," ಎಂದಿತು ನರಿ. ತಮ್ಮ ಇಷ್ಟು ನಯವಾಗಿ ಎಂದು ಮಾತಾಡಿದ್ದ? ಅವಳು ಕರಡಿಯತ್ತ ಸರಿದಳು.

ಕರಡಿ ಬಿಕ್ಕಿತು. "ಅಕ್ಕಾ, ಅಮ್ಮನನ್ನು ನೋಡಬೇಕು." ಅವಳ ಕೈ ತಾನಾಗಿ ಚಾಚಿತು. ಆದರೆ ಕರಡಿಯ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಆ ಕೈಯ ಮೇಲಿತ್ತು. ಸಟ್ಟನೆ ಹಿಂದೆಗೆದಳು.

ಅವಳು ಜಿಂಕೆಯ ಮುಂದೆ ಬಂದಳು. "ನೀನು ಯಾರು?" ಎಂದಳು.

"ಯಾರಾದರೇನು? ಆ ಚಿತ್ರಗಾರನನ್ನು ನಂಬಬೇಡ. ಮುಟ್ಟಬೇಡ, ಹೋಗು ಇಲ್ಲಿಂದ!"

ಇದೂ ಮೋಸವಿರಬಹುದೇ? ಆದರೂ ತಾನು ಬಿಡುಗಡೆಯಾಗುವುದಕ್ಕಿಂತ ಅವಳು ಉಳಿಯಲಿ ಎನ್ನುವವನು ಇನ್ನು ಯಾರು? ದೀಪದ ಕೈಯನ್ನೇ ಹಿಡಿದು ಎಳೆದಳು.

ಜಯಂತಕ ನೆಲಕ್ಕೆ ಬಿದ್ದ. ಖಾಲಿಯಾದ ಜಾಗ ಬಾಯ್ದೆರೆದು ಮಾರಂಕನನ್ನು ಸೆಳೆದುಕೊಂಡಿತು. ಅಲ್ಲೀಗ ಒಂದು ಕತ್ತೆ ದೀಪ ಹಿಡಿದು ನಿಂತಿತು. ಮಾಯೆ ಮುರಿದು ನರಿಯಿಂದ ಒಬ್ಬ ಕುರುಬ, ಕರಡಿಯಿಂದ ಒಬ್ಬ ಅಂಬಿಗ ಹೊರಬಿದ್ದರು.

"ಯಾರನ್ನಾದರೂ ಒಳಗೆ ಸೆಳೆದರೆ ಬಿಡುತ್ತೇನೆ ಅಂದಿದ್ದ, ತಾಯಿ," ಎಂದು ಅತ್ತರು. ಸಿರಿಯಾಳೆ ಅವರನ್ನು ಎಬ್ಬಿಸಿ ಊಟಕ್ಕೆ ಕರೆದೊಯ್ದಳು.

ಪಂಕ್ತಿಯಲ್ಲಿ ಕೂತ ಮೇಲೂ ತಮ್ಮನನ್ನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದಳು. "ನಿಜವಾಗಿ ನೀನೇನಾ?"

"ಎಷ್ಟು ಸಲ ಹೇಳಲಿ ಮಾರಾಯ್ತಿ!" ಎಂದು ಅವನು ಅವಳ ಎಲೆಯ ಹೋಳಿಗೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಆಗ ಸಿರಿಯಾಳೆ ನಂಬಿದಳು, ಗಟ್ಟಿಯಾಗಿ ನಕ್ಕಳು. ಅಂದಿನಿಂದ ಚಿತ್ತಾರಪುರದ ಜನ ಸುಖವಾಗಿ ಬಾಳಿದರು.