ವರ್ಲಿನ್ ಅಜ್ಜನ ಬಾಡಿಗೆ

ಜೂನ್ ತಿಂಗಳ ಕೊನೆಯ ಶುಕ್ರವಾರ. ಮೊದಲ ಹುಲ್ಲಿನ ಕೊಯ್ಲು ಮುಗಿದಿತ್ತು, ಎರಡನೆಯದಕ್ಕೆ ಇನ್ನೂ ಹತ್ತು ದಿನವಿತ್ತು. ಕೊಟ್ಟಿಗೆಯಲ್ಲಿ ಬೆಳಗಿನ ಹಾಲು ಕರೆಯುವ ಕೆಲಸ ಅರ್ಧಕ್ಕೆ ಬಂದಿತ್ತು. ಮಶೀನು ಟಿಕ್-ಟಕ್, ಟಿಕ್-ಟಕ್ ಎನ್ನುತ್ತಿತ್ತು. ಗೋಡೆಯ ಮೇಲಿನ ರೇಡಿಯೋ ಹಸುಗಳಿಗಾಗಿ ಹಾಡುತ್ತಿತ್ತು.

ಟಿಲ್ಲಿ ಒಂದು ಹಾಳೆ ಹಿಡಿದುಕೊಂಡು ಪಕ್ಕದ ಮನೆಯ ವರ್ಲಿನ್ ಅಜ್ಜನ ಹಿಂದೆ ಹಿಂದೆಯೇ ಓಡಾಡುತ್ತಿದ್ದಳು.

“ಅಜ್ಜಾ, ಏಳನೇದು ರೋಸಿ. ಕೆಚ್ಚಲು ಮುಟ್ಟೋಕೆ ಮುಂಚೆ ಅವಳನ್ನ ಮಾತಾಡಿಸ್ಬೇಕು. ಇಲ್ಲಾಂದ್ರೆ ಒದೀತಾಳೆ.”

“ಒದೀದೆ ಇನ್ನೇನು? ಮಾತಾಡಿಸ್ದೆ ಮುಟ್ಟಿದ್ರೆ ನಾನೂ ಒದೀತೀನಿ.”

“ತಮಾಷೆ ಮಾಡ್ಬೇಡಿ. ಮತ್ತೆ ಮೇಬಲ್‌ನ ಕರೀಬಾರ್ದು. ಅವಳು ಗಬ್ಬ, ಹಾಲು ಬತ್ತಿಸಿದ್ದೀವಿ. ಆಗಸ್ಟ್‌ನಲ್ಲಿ ಕರು ಹಾಕ್ತಾಳೆ. ಅವಳು ಕೊಟ್ಟಿಗೆಗೆ ಬರೋದೇ ಇಲ್ಲ, ಹಿಂದಿನ ಹುಲ್ಲುಗಾವಲಲ್ಲೇ ಇರ್ತಾಳೆ. ಕೆಂಪು ಪೆನ್‌ನಲ್ಲಿ ಬರ್ದಿದ್ದೀನಿ, ನೋಡಿ. ಎರಡು ಸಲ.”

“ಆಯ್ತು ಮೇಡಂ,” ಎಂದ ಅಜ್ಜ. “ಐವತ್ತು ವರ್ಷ ಹಾಲು ಕರ್ದೋನಿಗೆ ಇವತ್ತಾದ್ರೂ ಒಬ್ರು ಟೀಚರ್ ಸಿಕ್ಕಿದ್ರಲ್ಲ.”

ಟಿಲ್ಲಿಯ ಮನೆಯಲ್ಲಿ ನಲವತ್ತೆರಡು ಹಸುಗಳಿದ್ದವು. ಬೆಳಿಗ್ಗೆ ಐದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಹಾಲು ಕರೆಯಲೇಬೇಕು. ಕ್ರಿಸ್‌ಮಸ್ ಇರಲಿ, ಜ್ವರ ಬರಲಿ, ಹಸುಗಳಿಗೆ ಅದೆಲ್ಲ ತಿಳಿಯದು. ಹೀಗಾಗಿ ಟಿಲ್ಲಿಗೆ ಹತ್ತು ತುಂಬಿದ್ದರೂ ಅಪ್ಪ, ಅಮ್ಮ, ತಮ್ಮ ಗಸ್ ಎಲ್ಲರ ಜೊತೆ ಒಂದು ರಾತ್ರಿಯೂ ಊರ ಹೊರಗೆ ಮಲಗಿದವಳಲ್ಲ. ಕ್ಲಾಸಿನಲ್ಲಿ ಟೀಚರ್ ‘ರಜೆಯಲ್ಲಿ ನಾನು ಹೋದ ಊರು’ ಎಂದು ಬರೆಯಲು ಹೇಳಿದಾಗಲೆಲ್ಲ ಅವಳು ಹುಲ್ಲುಗಾವಲಿನ ಬಗ್ಗೆ ಬರೆಯುತ್ತಿದ್ದಳು.

ಈ ವರ್ಷ ವರ್ಲಿನ್ ಅಜ್ಜ ತಾನಾಗಿಯೇ ಬಂದು ಅಡುಗೆಮನೆಯ ಮೇಜಿನ ಮೇಲೆ ತನ್ನ ಆರ್‌ವಿಯ ಬೀಗದ ಕೈ ಇಟ್ಟಿದ್ದ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಉದ್ದನೆಯ ಗಾಡಿ ಅದು. ಅವನ ಹೆಂಡತಿ ಆರ್ಡಿಸ್ ಅಜ್ಜಿ ತೀರಿಕೊಂಡ ಮೇಲೆ ನಾಲ್ಕು ವರ್ಷದಿಂದ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು.

“ಡುಲೂತ್‌ಗೆ ಹೋಗಿ ಬನ್ನಿ. ಭಾನುವಾರ ಬೆಳಿಗ್ಗೆವರೆಗೆ ಹಸು ನನ್ನವು. ಸಂಜೆ ಮಾತ್ರ ನಿಮ್ಮವು,” ಎಂದಿದ್ದ.

“ಬಾಡಿಗೆ ಏನು ಕೊಡ್ಲಿ?” ಎಂದು ಅಪ್ಪ ಮೂರು ಸಲ ಕೇಳಿದ್ದ. ಅಜ್ಜ ಮೂರು ಸಲವೂ ಕಿವಿ ಕೇಳಿಸದವನ ಹಾಗೆ ಕಾಫಿ ಕುಡಿದಿದ್ದ.

ಈಗ ಅಜ್ಜ ರೋಸಿಯ ಬೆನ್ನು ತಟ್ಟುತ್ತಾ, ಟಿಲ್ಲಿಯ ಕಡೆ ನೋಡದೆಯೇ ಹೇಳಿದ. “ಬಾಡಿಗೆ ನಿನ್ನ ಹತ್ರ ಕೇಳ್ತೀನಿ. ಕೊಡ್ತೀಯಾ?”

“ಏನು?”

“ಅಲ್ಲಿ ಬಂದರಿಗೆ ಹಡಗು ಹೋಗೋ ಕಾಲುವೆ ಮೇಲೆ ಒಂದು ಎತ್ತೋ ಸೇತುವೆ ಇದೆ. ಹಡಗು ಬಂದಾಗ ಒಂದು ಉದ್ದ, ಎರಡು ಗಿಡ್ಡ ಹಾರ್ನ್ ಹೊಡೆಯುತ್ತೆ. ಸೇತುವೆನೂ ಹಾಗೇ ಹೊಡೆದು ಜವಾಬು ಕೊಡುತ್ತೆ. ಆಗ ನಂಗೊಂದು ಫೋನ್ ಮಾಡು. ಹಗಲಾದ್ರೆ ಮನೆಗೆ, ಹಾಲು ಕರೆಯೋ ಹೊತ್ತಾದ್ರೆ ಈ ಕೊಟ್ಟಿಗೆಗೆ. ನಾನು ಕೇಳಿಸ್ಕೋತೀನಿ.”

“ಅಷ್ಟೇನಾ?”

“ಅಷ್ಟೇನಾ ಅಂತಾಳೆ! ಮೊದ್ಲು ಕೊಡು, ಆಮೇಲೆ ಹೇಳು.”

ಟಿಲ್ಲಿ ಎರಡೂ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು.

ಆರ್‌ವಿ ಹೊಲದ ದಾರಿ ದಾಟುವಾಗ ಡ್ವೇನ್ ಅಂಕಲ್‌ನ ಹಾಲಿನ ಲಾರಿ ಎದುರಾಯಿತು. ಗಡಿಯಾರ ನೋಡುವುದೇ ಬೇಡ. ಅದು ಬಂತೆಂದರೆ ಏಳೂವರೆ. ಟಿಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಷ್ಟಿ ಎತ್ತಿ, ಮೇಲಿನಿಂದ ಹಗ್ಗ ಜಗ್ಗುವ ಹಾಗೆ ಎರಡು ಸಲ ಕೆಳಗೆ ಎಳೆದಳು. ‘ಭೋಂ!’ ಎಂದಿತು ಲಾರಿ. ಗಸ್ ಕೂಡ ಎಳೆದ. ‘ಭೋಂ!’ ‘ಹಾರ್ನ್ ಹೊಡೀರಿ’ ಎನ್ನುವ ಈ ಸನ್ನೆ ಆ ರಸ್ತೆಯ ಮಕ್ಕಳಿಗೆಲ್ಲ ದಿನದ ಆಟ.

*

ಗುಡ್ಡ ಇಳಿಯುತ್ತಿದ್ದ ಹಾಗೆ ಡುಲೂತ್ ನಗರವೂ ಅದರಾಚೆ ನೀಲಿ ನೀರೂ ಒಟ್ಟಿಗೆ ಕಂಡವು.

“ಸಮುದ್ರ!” ಎಂದು ಕಿರುಚಿದ ಗಸ್.

“ಸಮುದ್ರ ಅಲ್ಲ ಕಣೋ, ಸರೋವರ,” ಎಂದಳು ಟಿಲ್ಲಿ.

“ಹಾಗಾದ್ರೆ ಆ ಕಡೆ ದಡ ಎಲ್ಲಿ?”

ಟಿಲ್ಲಿ ಹುಡುಕಿದಳು. ಕಾಣಲಿಲ್ಲ. “ಇರುತ್ತೆ ಎಲ್ಲೋ,” ಎಂದಳು.

ಸೇತುವೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಆರ್‌ವಿಗಳು ತಂಗುವ ಮೈದಾನವಿತ್ತು. ಅಲ್ಲಿ ಎರಡು ಗಾಡಿಗಳ ನಡುವೆ ಇವರ ಗಾಡಿಯನ್ನು ಹಿಮ್ಮುಖವಾಗಿ ನಿಲ್ಲಿಸಬೇಕಿತ್ತು. ಹಿಂದೆ ನಿಂತು ಕೈ ತೋರಿಸುವ ಕೆಲಸ ಟಿಲ್ಲಿಯದು. ವರ್ಲಿನ್ ಅಜ್ಜ ಅಂಗಳದಲ್ಲಿ ಕಲಿಸಿಕೊಟ್ಟಿದ್ದ: ಕನ್ನಡಿಯಲ್ಲಿ ಅಪ್ಪನ ಮುಖ ನಿನಗೆ ಕಾಣ್ಬೇಕು. ನಿನಗೆ ಅವನು ಕಾಣ್ಲಿಲ್ಲ ಅಂದ್ರೆ ಅವನಿಗೆ ನೀನೂ ಕಾಣಲ್ಲ.

ಟಿಲ್ಲಿ ಅಪ್ಪನ ಮುಖ ನೋಡುತ್ತಾ ಎಡಗೈ ಬೀಸಿದಳು. ಗಾಡಿ ಅರ್ಧ ತಿರುಗಿತು. ಅಷ್ಟರಲ್ಲಿ ದೂರದಿಂದ ಕೇಳಿಸಿತು. ಒಂದು ಉದ್ದ. ಎರಡು ಗಿಡ್ಡ.

ಅವಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

“ಟಿಲ್ಲೀ! ಬಾ ಅಂತೀಯೋ ನಿಲ್ಲು ಅಂತೀಯೋ?” ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

ಗಾಡಿ ದಾರಿಗೆ ಅಡ್ಡವಾಗಿತ್ತು. ಅದರ ಮುಂದೆ ಇನ್ನೆರಡು ಆರ್‌ವಿಗಳು ದಾರಿಗಾಗಿ ಕಾಯುತ್ತಿದ್ದವು. ಫೋನ್ ಒಳಗೆ ಅಮ್ಮನ ಚೀಲದಲ್ಲಿತ್ತು. ಬಿಟ್ಟು ಓಡುವ ಹಾಗಿರಲಿಲ್ಲ. ಟಿಲ್ಲಿ ಕೈ ಬೀಸಿದಳು. ಗಾಡಿ ಸರಿಯಾಗಿ ನಿಲ್ಲುವ ಹೊತ್ತಿಗೆ ಸೇತುವೆಯ ಜವಾಬೂ ಮುಗಿದುಹೋಗಿತ್ತು.

“ನಾಳೆ ಇನ್ನೊಂದು ಬರುತ್ತೆ ಬಿಡು,” ಎಂದಳು ಅಮ್ಮ.

ಕಾಲುವೆಯ ಪಕ್ಕದ ಬೋರ್ಡಿನಲ್ಲಿ ಹಾಗೆಯೇ ಬರೆದಿತ್ತು: ಶನಿವಾರ, ಮಧ್ಯಾಹ್ನ ಎರಡು ಗಂಟೆ. ಟಿಲ್ಲಿಗೆ ಸಮಾಧಾನವಾಯಿತು. ಎರಡು ಅಂದರೆ ಎರಡು. ಹಾಲಿನ ಲಾರಿಯ ಹಾಗೆ.

*

ಶನಿವಾರ ಬೆಳಿಗ್ಗೆ ಅವರು ಆರ್‌ವಿಯಲ್ಲೇ ಸರೋವರದ ದಂಡೆಗುಂಟ ಹೋದರು. ಜಲಪಾತ ನೋಡಿದರು. ದಡದಲ್ಲಿ ಕೆಂಪು ಪಟ್ಟೆಯ ಅಗೇಟ್ ಕಲ್ಲು ಹುಡುಕಿದರು, ಟಿಲ್ಲಿಗೆ ಒಂದು ಸಿಕ್ಕಿತು. ದಾರಿಬದಿಯ ಅಂಗಡಿಯಲ್ಲಿ ಹೊಗೆಯಲ್ಲಿ ಬೇಯಿಸಿದ ಮೀನು ತಿಂದರು. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದು, “ಅಯ್ಯೋ, ಐಸು!” ಎಂದು ಕುಣಿದಳು. ಅಮ್ಮ ಹಾಗೆ ಕುಣಿದದ್ದನ್ನು ಟಿಲ್ಲಿ ಅದೇ ಮೊದಲು ನೋಡಿದ್ದು.

ಒಂದೂವರೆಗೆಲ್ಲ ಅವಳು ಕಾಲುವೆಯ ಗೋಡೆಯ ಪಕ್ಕ ಫೋನ್ ಹಿಡಿದು ನಿಂತಿದ್ದಳು.

ಎರಡಾಯಿತು. ಎರಡೂವರೆಯಾಯಿತು. ಸರೋವರದಿಂದ ಮಂಜು ಮೇಲೆದ್ದು ಮೊದಲು ದೀಪಸ್ತಂಭವನ್ನು ನುಂಗಿತು, ಆಮೇಲೆ ಸೇತುವೆಯ ತುದಿಯನ್ನು ನುಂಗಿತು. ಬೋರ್ಡಿನ ಹತ್ತಿರ ಒಬ್ಬ ಆಂಟಿ ಬಂದು ‘ಎರಡು’ ಅಳಿಸಿ ‘ಆರು’ ಎಂದು ಬರೆದಳು. ಆರಕ್ಕೆ ಮತ್ತೆ ಬಂದು ಅದನ್ನೂ ಅಳಿಸಿ, ಏನೂ ಬರೆಯದೆ ನಿಂತಳು.

“ಆಂಟಿ, ಎರಡು ಗಂಟೆ ಅಂತ ಇತ್ತಲ್ಲ?”

“ಹಡಗಿಗೆ ಗಡಿಯಾರ ಓದೋಕೆ ಬರಲ್ಲ, ಮರಿ. ಮಂಜಲ್ಲಿ ಲಂಗರು ಹಾಕ್ಕೊಂಡು ಹೊರಗೇ ನಿಂತಿದೆ. ನಾಳೆ ಯಾವಾಗಾದ್ರೂ ಬರಬಹುದು.”

“ಯಾವಾಗಾದ್ರೂ ಅಂದ್ರೆ?”

“ಯಾವಾಗಾದ್ರೂ,” ಎಂದಳು ಆಂಟಿ.

ಊಟಕ್ಕೆ ಕುಳಿತಾಗ ಅಪ್ಪ ಮೆಲ್ಲಗೆ ಹೇಳಿದ. “ನಾಳೆ ಎಂಟಕ್ಕೆ ಹೊರಡ್ಬೇಕು ಟಿಲ್ಲಿ. ಸಂಜೆ ಹಾಲು ನಮ್ದು.”

“ಆ ಅಗೇಟ್ ಕಲ್ಲು ಅಜ್ಜನಿಗೆ ಕೊಟ್ರಾಯ್ತು,” ಎಂದಳು ಅಮ್ಮ. “ಎಷ್ಟು ಚೆನ್ನಾಗಿದೆ!”

“ಅವರು ಕಲ್ಲು ಕೇಳಿಲ್ಲಮ್ಮ.”

“ಹಡಗು ಬರ್ಲಿಲ್ಲ ಅಂದ್ರೆ ಅಜ್ಜ ಏನೂ ಅಂದ್ಕೊಳ್ಳಲ್ಲ ಕಣೇ.”

“ಅಂದ್ಕೊಳ್ಳಲ್ಲ,” ಎಂದಳು ಟಿಲ್ಲಿ. “ಅದಕ್ಕೇ ಕೊಡ್ಲೇಬೇಕು.”

ಅವಳು ತನ್ನ ಹಾಸಿಗೆ ಹತ್ತಿ, ಸ್ವೆಟರ್ ತೆಗೆಯಲು ತಲೆಯ ಮೇಲಿನ ಪುಟ್ಟ ಕಪಾಟು ತೆರೆದಳು. ಬಾಗಿಲಿನ ಒಳಬದಿಯಲ್ಲಿ ಪೆನ್ಸಿಲ್‌ನ ಸಣ್ಣ ಅಕ್ಷರಗಳಿದ್ದವು. ಆರ್ಡಿಸ್ ಅಜ್ಜಿಯ ಕೈಬರಹ. ವರ್ಷಕ್ಕೊಂದು ಸಾಲು. ಒಂದೊಂದರಲ್ಲೂ ತಾರೀಖು, ಹಡಗಿನ ಹೆಸರು, ಕೊನೆಗೆ ಒಂದು ಮಾತು.

‘ಹಾರ್ನ್ ಕೇಳಿದೆವು. ವರ್ಲಿನ್ ಕಣ್ಣಿಗೆ ಧೂಳು ಬಿತ್ತಂತೆ.’

‘ಈ ವರ್ಷವೂ ಧೂಳು.’

‘ಮಳೆ. ಆದರೂ ಧೂಳು!’

ಹನ್ನೊಂದು ಸಾಲುಗಳಿದ್ದವು. ಕೊನೆಯದು ಐದು ವರ್ಷದ ಹಿಂದಿನದು. ಅದರ ಕೆಳಗೆ ಖಾಲಿ. ಟಿಲ್ಲಿ ಆ ಖಾಲಿ ಜಾಗವನ್ನು ನೋಡುತ್ತಾ ಬಹಳ ಹೊತ್ತು ಮಲಗಿದ್ದಳು.

*

ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಆರ್‌ವಿಯೊಳಗೆ ನಾಲ್ಕು ಜನಕ್ಕೂ ಒಟ್ಟಿಗೆ ಎಚ್ಚರವಾಯಿತು. ಅಲಾರಂ ಇಟ್ಟವರಿಲ್ಲ, ಕರೆಯಲು ಹಸುವಿಲ್ಲ.

“ಮಲಗ್ರೋ. ರಜಾ ಇವತ್ತು,” ಎಂದಳು ಅಮ್ಮ ಹೊದಿಕೆಯೊಳಗಿಂದ.

“ನಿದ್ದೆ ಮುಗೀತು,” ಎಂದ ಗಸ್.

ಅಪ್ಪ ಮಂಚದ ತುದಿಯಲ್ಲಿ ಕುಳಿತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಆ ಹೊತ್ತಿಗೆ ಅವು ಖಾಲಿ ಇದ್ದದ್ದೇ ಇಲ್ಲ. “ಬಾ ಟಿಲ್ಲಿ,” ಎಂದ ಕೊನೆಗೆ. “ಸುಮ್ನೆ ಕೂರೋ ಬದ್ಲು ನಡ್ಕೊಂಡು ಬರೋಣ. ಅಮ್ಮನ ಫೋನ್ ತಗೋ.”

ಮಂಜು ಪೂರ್ತಿ ಕರಗಿತ್ತು. ಪೂರ್ವದ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಕಾಲುವೆಯ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ನಿನ್ನೆ ಕಿಕ್ಕಿರಿದಿದ್ದ ಜನರೆಲ್ಲ ಹಾಸಿಗೆಯಲ್ಲಿದ್ದರು. ಇದ್ದಕ್ಕಿದ್ದಂತೆ ಸೇತುವೆಯ ಗಂಟೆ ಮೊಳಗಿತು. ಕಬ್ಬಿಣದ ರಸ್ತೆ ನಿಧಾನವಾಗಿ ಮೇಲಕ್ಕೇರತೊಡಗಿತು.

“ಅಪ್ಪಾ!”

ಸರೋವರದಿಂದ ದೀಪಗಳ ಒಂದು ಗುಡ್ಡವೇ ಕಾಲುವೆಯ ಕಡೆ ತೇಲಿ ಬರುತ್ತಿತ್ತು.

ಟಿಲ್ಲಿ ಕೊಟ್ಟಿಗೆಯ ನಂಬರ್ ಒತ್ತಿದಳು. ಆರು ಸಲ, ಏಳು ಸಲ, ಎಂಟು ಸಲ ರಿಂಗಾಯಿತು.

“ಕೊಟ್ಟಿಗೆ!” ಎಂದು ಗದರಿತು ಅಜ್ಜನ ದನಿ. “ಹಸುಗೆ ಫೋನ್ ಕೊಡ್ಬೇಕಾ?”

“ಅಜ್ಜಾ, ನಾನು! ಬರ್ತಾ ಇದೆ!”

“ಇರು, ಇರು, ರೇಡಿಯೋ ಆರಿಸ್ತೀನಿ.” ಹಾಡು ನಿಂತಿತು. ಮಶೀನಿನ ಟಿಕ್-ಟಕ್ ಮಾತ್ರ ಉಳಿಯಿತು.

ಹಡಗು ಕಾಲುವೆಯೊಳಗೆ ಬಂತು. ಕೈಚಾಚಿದರೆ ಸಿಗುತ್ತದೇನೋ ಎನ್ನುವಷ್ಟು ಹತ್ತಿರ. ಕೆಂಪು ಗೋಡೆಯೊಂದು ಸದ್ದಿಲ್ಲದೆ ಸರಿಯುತ್ತಿತ್ತು. ಹಾರ್ನ್ ಮಾತ್ರ ಇಲ್ಲ.

“ಹೊಡೀಲಿಲ್ವಲ್ಲ ಅಪ್ಪಾ?”

“ಊರು ಮಲಗಿದೆ ಪುಟ್ಟಾ. ಇಷ್ಟು ಬೆಳಿಗ್ಗೆ ಕೆಲವರು ಹೊಡೆಯಲ್ಲ.”

“ಹೋಯ್ತಾ?” ಎಂದ ಅಜ್ಜ ಫೋನಿನಲ್ಲಿ.

“ಇಲ್ಲ ಅಜ್ಜ. ಹೋಗ್ತಾ ಇದೆ. ಇನ್ನೂ ಹೋಗ್ತಾನೇ ಇದೆ. ತುಂಬಾ ಉದ್ದ ಇದೆ.”

ಹಡಗಿನ ಹಿಂಭಾಗದಲ್ಲಿ ಅದನ್ನು ನಡೆಸುವವರ ಬಿಳಿಯ ಕೋಣೆ, ಅದರ ತುದಿಯಲ್ಲಿ ಕಿಟಕಿಗಳ ಸಾಲು. ಒಂದರ ಹಿಂದೆ ಯಾರದೋ ಮುಖ. ಅದು ಅವಳ ಎದುರಿಗೆ ಬರಲು ಇನ್ನು ಸ್ವಲ್ಪವೇ ಉಳಿದಿತ್ತು. ಅವರಿಗೆ ನಾನು ಕಾಣ್ಬೇಕು, ಎಂದುಕೊಂಡಳು ಟಿಲ್ಲಿ. ಫೋನನ್ನು ಅಪ್ಪನ ಕೈಗೆ ತುರುಕಿ, ಗೋಡೆಗುಂಟ ಓಡಿ, ದೀಪದ ಕಂಬದ ಬೆಳಕಿನ ಕೆಳಗೆ ನಿಂತಳು. ಅಲ್ಲಿಂದ ಆ ಮುಖ ಸ್ಪಷ್ಟವಾಗಿ ಕಂಡಿತು. ಮುಷ್ಟಿ ಎತ್ತಿ, ಹಗ್ಗ ಜಗ್ಗುವ ಹಾಗೆ ಎಳೆದಳು. ಒಂದು ಸಲ. ಎರಡು ಸಲ. ಮೂರನೇ ಸಲ ಎಳೆಯುವಾಗ ಅಪ್ಪನೂ ಪಕ್ಕಕ್ಕೆ ಬಂದು, ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಎಳೆಯುತ್ತಿದ್ದ.

ಕಿಟಕಿಯ ಹಿಂದೆ ಆ ಮುಖ ತಿರುಗಿತು.

ಮೊದಲು ಟಿಲ್ಲಿಯ ಎದೆ ನಡುಗಿತು, ಆಮೇಲೆ ಕಿವಿಗೆ ಕೇಳಿಸಿತು. ಒಂದು ಉದ್ದ. ಎಷ್ಟು ಉದ್ದವೆಂದರೆ ಗುಡ್ಡದ ಮೇಲಿನ ಮನೆಗಳನ್ನೆಲ್ಲ ಮುಟ್ಟಿ ಬರುವಷ್ಟು. ಮತ್ತೆ ಎರಡು ಗಿಡ್ಡ.

ಅಪ್ಪ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಟಿಲ್ಲಿ ಅದನ್ನು ಇಸಿದುಕೊಂಡಳು. “ಅಜ್ಜಾ, ಕೇಳಿಸ್ತಾ?”

“ಶ್!” ಎಂದ ಅಜ್ಜ. “ಈಗ ಸೇತುವೆ.”

ಸೇತುವೆ ಜವಾಬು ಕೊಟ್ಟಿತು. ಒಂದು ಉದ್ದ, ಎರಡು ಗಿಡ್ಡ.

ಸದ್ದು ಸರೋವರದ ಮೇಲೆ ಹೋಗಿ ಕರಗಿತು. ಫೋನಿನಲ್ಲಿ ಮಶೀನಿನ ಟಿಕ್-ಟಕ್ ಕೇಳುತ್ತಿತ್ತು. ಎಲ್ಲೋ ಒಂದು ಹಸು ಕೆಮ್ಮಿತು.

“ಅಜ್ಜಾ?”

“ಹ್ಞೂಂ,” ಎಂದ ಅಜ್ಜ. ಅವನು ಮೂಗು ಸೀಟಿದ್ದು ಕೇಳಿಸಿತು. “ಬಾಡಿಗೆ ಮುಟ್ತು. ಪೂರ್ತಿ ಮುಟ್ತು. ಇಡ್ತೀನಿ ಕಣಮ್ಮಾ. ಈ ಮೇಬಲ್ ಸುಮ್ನೆ ನಿಲ್ತಾ ಇಲ್ಲ ನೋಡು, ಒದೀತಾ ಇದ್ದಾಳೆ.”

ಟಿಲ್ಲಿ ಬಾಯಿ ತೆರೆದಳು. ಮೇಬಲ್ ಹಿಂದಿನ ಹುಲ್ಲುಗಾವಲಲ್ಲಿದ್ದಳು. ಕೆಂಪು ಪೆನ್‌ನಲ್ಲಿ, ಎರಡು ಸಲ ಬರೆದಿತ್ತು.

ಅವಳು ಬಾಯಿ ಮುಚ್ಚಿದಳು.

“ಹುಷಾರು ಅಜ್ಜ,” ಎಂದಳು ಆಮೇಲೆ. “ಅವಳು ಜೋರಾಗಿ ಒದೀತಾಳೆ.”

ಹಡಗು ಸೇತುವೆ ದಾಟಿ ಬಂದರಿನ ಕಡೆ ತಿರುಗುತ್ತಿತ್ತು. ಅಪ್ಪ ಕೇಳಿದ, “ಏನಂದ್ರು?”

“ಮೇಬಲ್ ಒದೀತಾ ಇದ್ದಾಳಂತೆ.”

ಅಪ್ಪ ಅವಳ ಮುಖ ನೋಡಿದ. ಆಮೇಲೆ ನೀರಿನ ಕಡೆ ನೋಡಿದ. “ಹೌದಾ,” ಎಂದ. “ಒದೀತಾಳೆ ಅವಳು, ಒಂದೊಂದು ಸಲ.”

ಇಬ್ಬರೂ ಆರ್‌ವಿಯ ಕಡೆ ಸ್ವಲ್ಪ ದೂರ ನಡೆದರು.

“ಅಪ್ಪಾ, ಆ ಹಡಗಿನ ಹೆಸರು ಏನು?”

“ಗಮನಿಸ್ಲಿಲ್ಲ. ಯಾಕೆ?”

ಟಿಲ್ಲಿ ಹಿಂದಿರುಗಿ ಓಡಿದಳು. ಹಡಗಿನ ಹಿಂಬದಿಯಲ್ಲಿ ದೊಡ್ಡ ಬಿಳಿಯ ಅಕ್ಷರಗಳಿದ್ದವು. ಅವು ಕಣ್ಮರೆಯಾಗುವ ಮೊದಲೇ ಓದಿಕೊಂಡಳು. ಮರೆಯಬಾರದೆಂದು ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಾ, ಗಸ್‌ನ ಹತ್ತಿರ ಪೆನ್ಸಿಲ್ ಕೇಳಲು ಆರ್‌ವಿಯ ಕಡೆ ನಡೆದಳು.